ಎರಡು ಸರ್ವರ್ ಕ್ಲಸ್ಟರ್ ಹಾಕಿಸುವವರೇ, ಫೆನ್ಸಿಂಗ್ ಆನ್ ಇದೆಯಾ ನೋಡಿಕೊಳ್ಳಿ

ಎರಡು ಸರ್ವರ್ ಹಾಕಿ, ಪೇಸ್‌ಮೇಕರ್ (ಒಂದು ಸರ್ವರ್ ಸತ್ತರೆ ಅದರ ಕೆಲಸವನ್ನು ಇನ್ನೊಂದಕ್ಕೆ ಒಪ್ಪಿಸುವ ತಂತ್ರಾಂಶ) ಕೂರಿಸಿ, ‘ಇನ್ನು ಡೌನ್ ಅನ್ನೋದೇ ಇಲ್ಲ ಸರ್’ ಎಂದು ಯಾರಾದರೂ ಬಿಲ್ ಕೈಗಿಟ್ಟರೆ, ದುಡ್ಡು ಕೊಡುವ ಮೊದಲು ಅವರ ಕೈಯಲ್ಲೇ ಕ್ಲಸ್ಟರ್ ಸೆಟ್ಟಿಂಗ್ ತೆಗೆಸಿ ನೋಡಿ. ಸ್ಟೋನಿತ್-ಎನೇಬಲ್ಡ್ ಎದುರು ಫಾಲ್ಸ್ ಅಂತ ಇದ್ದರೆ ಫೆನ್ಸಿಂಗ್, ಅಂದರೆ ಇನ್ನೊಂದು ಸರ್ವರ್ ಆಫ್ ಆಗಿದೆ ಎಂದು ಖಾತ್ರಿ ಮಾಡಿಕೊಳ್ಳುವ ವ್ಯವಸ್ಥೆ, ಆಫ್ ಇದೆ ಎಂದರ್ಥ; ಸಹಿ ಹಾಕಬೇಡಿ. ನಮ್ಮಲ್ಲಿ ಹಾಗೇ ಇತ್ತು. ಗೊತ್ತಾಗಿದ್ದು ಒಂದೇ ನಂಬರಿನ ಎರಡೆರಡು ಬಿಲ್ ಗಿರಾಕಿಗಳ ಕೈ ಸೇರಿದ ಮೇಲೆ.

ನಮ್ಮದು ಹುಬ್ಬಳ್ಳಿಯಲ್ಲಿ ಪಂಪು, ಪೈಪುಗಳ ಸಗಟು ವ್ಯಾಪಾರ. ಒಂದು ಸರ್ವರ್ ಆಫೀಸಿನಲ್ಲಿ, ಇನ್ನೊಂದು ಹಿಂದಿನ ಗೋದಾಮಿನಲ್ಲಿ. ಬೆಂಕಿ ಬಿದ್ದರೂ ಒಂದಾದರೂ ಉಳಿಯಲಿ ಎಂದು. ನಡುವೆ ಒಂದೇ ಫೈಬರ್. ಬಿಲ್ಲಿಂಗ್ ಡೇಟಾ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ, ಅದರ ಡಿಸ್ಕಿನ ನಕಲು ಡಿಆರ್‌ಬಿಡಿ ಎನ್ನುವ ತಂತ್ರಾಂಶದ ಮೂಲಕ ಆ ಕಡೆಗೆ. ಡೆಮೋ ದಿನ ವೆಂಡರ್ ಕಡೆಯ ಎಂಜಿನಿಯರ್ ಆಫೀಸಿನ ಸರ್ವರಿನ ಪವರ್ ಕೇಬಲ್ ಕಿತ್ತರು. ನಿಮಿಷದೊಳಗೆ ಗೋದಾಮಿನ ಸರ್ವರ್ ಕೆಲಸ ಎತ್ತಿಕೊಂಡಿತು. ಮಾಲೀಕರು ಖುಷಿಯಾಗಿ ಎಲ್ಲರಿಗೂ ಗಿರ್ಮಿಟ್ ತರಿಸಿದರು.

ಮಳೆಗಾಲದಲ್ಲಿ ಗಟಾರ ಅಗೆಯುವವರು ಆ ಫೈಬರ್ ಕತ್ತರಿಸಿದರು. ಎರಡೂ ಸರ್ವರ್ ಚೆನ್ನಾಗೇ ಇದ್ದವು, ಆದರೆ ಒಂದಕ್ಕೊಂದು ಕಾಣುತ್ತಿರಲಿಲ್ಲ. ಗೋದಾಮಿನದು ‘ಆಫೀಸಿನದು ಸತ್ತಿದೆ’ ಎಂದುಕೊಂಡು ಡಿಸ್ಕನ್ನು ತನ್ನದು ಮಾಡಿಕೊಂಡಿತು, ಅದೇ ಐಪಿ ವಿಳಾಸವನ್ನೂ ಎತ್ತಿಕೊಂಡಿತು. ಆಫೀಸಿನದು ಬಿಟ್ಟುಕೊಡಲಿಲ್ಲ. ಬಿಡಬೇಕು ಅಂತ ಅದಕ್ಕೆ ಹೇಳುವವರು ಯಾರು? ಆಫೀಸಿನವರು ಒಂದು ಡೇಟಾಬೇಸಿಗೆ, ಗೋದಾಮಿನವರು ಇನ್ನೊಂದಕ್ಕೆ ಬಿಲ್ ಹಾಕುತ್ತಾ ಹೋದರು. ಎರಡೂ ಕಡೆ ಬಿಲ್ ನಂಬರ್ ಒಂದೇ ಕಡೆಯಿಂದ ಶುರುವಾಗಿ ಮುಂದೆ ಓಡಿತು.

ಸುಳಿವು ಸಿಕ್ಕಿತ್ತು. ಎರಡು ಕಟ್ಟಡಕ್ಕೂ ಬೇರೆ ಬೇರೆ ಬ್ರಾಡ್‌ಬ್ಯಾಂಡ್ ಇದ್ದುದರಿಂದ ಇ-ಇನ್ವಾಯ್ಸ್ ಎರಡೂ ಕಡೆಯಿಂದ ಹೋಗುತ್ತಿತ್ತು. ಪ್ರತಿ ಇ-ಇನ್ವಾಯ್ಸ್‌ಗೆ ಸಿಗುವ ಗುರುತು ಸಂಖ್ಯೆ ಐಆರ್‌ಎನ್ ತಯಾರಾಗುವುದು ನಮ್ಮ ಜಿಎಸ್‌ಟಿ ನಂಬರ್, ಹಣಕಾಸು ವರ್ಷ, ದಾಖಲೆಯ ಬಗೆ, ಬಿಲ್ ನಂಬರ್ ಇಷ್ಟರಿಂದ. ಹಾಗಾಗಿ ಎರಡನೆಯದನ್ನು ಸರ್ಕಾರದ ಇ-ಇನ್ವಾಯ್ಸ್ ಪೋರ್ಟಲ್ ‘ಡೂಪ್ಲಿಕೇಟ್’ ಎಂದು ತಳ್ಳಿಹಾಕುತ್ತಿತ್ತು. ಗೋದಾಮಿನ ಹುಡುಗರು ‘ಪೋರ್ಟಲ್ ಮತ್ತ ಕೈ ಕೊಟ್ಟೈತ್ರಿ ಸರ’ ಎಂದು ಮಾಲು ಕಳಿಸುತ್ತಲೇ ಇದ್ದರು. ಅವರನ್ನು ಬೈಯುವುದಕ್ಕಾಗಲ್ಲ, ಪೋರ್ಟಲ್‌ಗೆ ಆ ಕೆಟ್ಟ ಹೆಸರು ಸುಮ್ನೆ ಬಂದಿಲ್ಲ.

ಸಂಜೆ ಫೈಬರ್ ಜೋಡಿಸಿದ ಮೇಲೆ ಇನ್ನೊಂದು ಆಟ. ಒಂದೇ ಐಪಿ ಎರಡು ಕಡೆ ಓಡುತ್ತಿರುವುದನ್ನು ಪೇಸ್‌ಮೇಕರ್ ಕಂಡರೆ ಎರಡನ್ನೂ ನಿಲ್ಲಿಸಿ ಒಂದು ಕಡೆ ಮಾತ್ರ ಶುರು ಮಾಡುತ್ತದೆ. ಅದರ ಡೀಫಾಲ್ಟೇ ಅದು. ಶುರುವಾಗಿದ್ದು ಆಫೀಸಿನಲ್ಲಿ. ಗೋದಾಮಿನವರ ಆ ದಿನದ ಬಿಲ್‌ಗಳು ಪರದೆಯಿಂದ ಮಾಯ. ಡಿಆರ್‌ಬಿಡಿ ಲಾಗಿನಲ್ಲಿ ‘ಸ್ಪ್ಲಿಟ್ ಬ್ರೇನ್’ (ಎರಡೂ ಕಡೆಯ ಡೇಟಾ ಬೇರೆ ಬೇರೆ ಆಗಿದೆ) ಎಂದು ಬರೆದು ಕೈ ಎತ್ತಿತ್ತು. ಅದಕ್ಕೆ ಗೊತ್ತಿರುವುದು ಡಿಸ್ಕಿನ ಬ್ಲಾಕ್‌ಗಳು ಮಾತ್ರ, ಬಿಲ್ ಅಲ್ಲ. ಎರಡು ಕಡೆಯದನ್ನು ಸೇರಿಸಲು ಬರುವುದಿಲ್ಲ, ಒಂದು ಕಡೆಯದನ್ನು ಬಿಸಾಡಲೇಬೇಕು.

ವೆಂಡರ್ ಫೋನಿನಲ್ಲೇ ಬಿಸಾಡಲು ಹೊರಟಿದ್ದರು. ನಮ್ಮ ಲೆಕ್ಕಪತ್ರದ ಮೇಡಂ ‘ಮೊದಲು ಅದರ ಕಾಪಿ ತಗೊಳ್ರಿ, ಆಮೇಲೆ ಏನಾರ ಮಾಡ್ರಿ’ ಎಂದು ಪಟ್ಟು ಹಿಡಿದಿದ್ದರಿಂದ ಗೋದಾಮಿನ ಡೇಟಾ ಉಳಿಯಿತು.

ಫೆನ್ಸಿಂಗ್ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಇನ್ನೊಂದು ಸರ್ವರ್ ನಿಜವಾಗಿ ಆಫ್ ಆಗಿದೆ ಎಂದು ಖಾತ್ರಿಯಾಗುವ ತನಕ ಡಿಸ್ಕ್ ಮುಟ್ಟಬೇಡ ಎನ್ನುವುದೇ ಫೆನ್ಸಿಂಗ್. ಪೇಸ್‌ಮೇಕರ್‌ನಲ್ಲಿ ಅದು ಡೀಫಾಲ್ಟಾಗಿ ಆನ್ ಇರುತ್ತದೆ, ಯಾರೋ ಆಫ್ ಮಾಡಿರಬೇಕು. ಯಾಕೆ ಎಂದು ವೆಂಡರನ್ನು ಕೇಳಿದಾಗ ಬಂದ ಉತ್ತರ: ‘ಅದು ಆನ್ ಇದ್ರೆ ಡೆಮೋದಲ್ಲಿ ಸಿಕ್ಕಿಹಾಕಿಕೊಳ್ತಿತ್ತು ಸರ್.’ ಮಾತು ನಿಜ. ಫೆನ್ಸಿಂಗ್‌ಗಾಗಿ ದೂರದಿಂದಲೇ ಸರ್ವರನ್ನು ಆಫ್ ಮಾಡುವ ಐಪಿಎಂಐ ಇರುವುದು ಆ ಸರ್ವರಿನ ಒಳಗೇ. ಕರೆಂಟ್ ಕಿತ್ತರೆ ಅದೂ ಸಾಯುತ್ತದೆ, ‘ಆಫ್ ಆದೆ’ ಎಂದು ಹೇಳಲೂ ಯಾರೂ ಇರುವುದಿಲ್ಲ, ಇನ್ನೊಂದು ಸರ್ವರ್ ಕಾಯುತ್ತಲೇ ಕೂರುತ್ತದೆ. ಅದಕ್ಕೆ ಪರಿಹಾರ ಪಿಡಿಯು (ಸರ್ವರಿನ ಕರೆಂಟನ್ನು ದೂರದಿಂದಲೇ ಆಫ್ ಮಾಡಬಹುದಾದ ಪ್ಲಗ್ ಬೋರ್ಡ್) ಮೂಲಕ ಎರಡನೇ ಹಂತದ ಫೆನ್ಸಿಂಗ್. ಡೆಮೋ ಚೆನ್ನಾಗಿ ಕಾಣಲಿ ಎಂದು ಫೆನ್ಸಿಂಗನ್ನೇ ತೆಗೆಯುವುದಲ್ಲ.

ನಮ್ಮಂತೆ ನಡುವೆ ಒಂದೇ ಫೈಬರ್ ಇದ್ದು ಅದೇ ಕಡಿದರೆ ಐಪಿಎಂಐ, ಪಿಡಿಯು ಎರಡೂ ಕೈಗೆ ಸಿಗಲ್ಲ. ಈಗ ಹೊರಗಿನ ಒಂದು ಸಣ್ಣ ಕ್ಲೌಡ್ ಯಂತ್ರದಲ್ಲಿ ಕೊರೊಸಿಂಕ್ ಎನ್ನುವ ಕ್ಲಸ್ಟರ್ ತಂತ್ರಾಂಶದ ಕ್ಯೂನೆಟ್‌ಡಿ ಓಡಿಸುತ್ತಿದ್ದೇವೆ. ಯಾವ ಸರ್ವರ್ ಮುಂದುವರಿಯಬೇಕು ಎನ್ನುವುದಕ್ಕೆ ಮೂರನೇ ಓಟು ಅದರದು, ಎರಡು ಕಟ್ಟಡಗಳೂ ತಮ್ಮ ತಮ್ಮ ಬ್ರಾಡ್‌ಬ್ಯಾಂಡ್‌ನಿಂದ ಅದನ್ನು ಕೇಳುತ್ತವೆ. ಜೊತೆಗೆ ಎರಡು ಸರ್ವರಿನಲ್ಲೂ ಎಸ್‌ಬಿಡಿ ವಾಚ್‌ಡಾಗ್ ಎನ್ನುವ ಕಾವಲು ವ್ಯವಸ್ಥೆ. ಓಟು ಸಿಗದ ಸರ್ವರ್ ತನ್ನನ್ನು ತಾನೇ ರೀಬೂಟ್ ಮಾಡಿಕೊಳ್ಳುತ್ತದೆ, ಇನ್ನೊಂದು ಅಷ್ಟು ಹೊತ್ತು ಕಾದು ಆಮೇಲೆ ಕೆಲಸ ತೆಗೆದುಕೊಳ್ಳುತ್ತದೆ. ‘ಹಾಗಾದರೆ ಒಂದು ಕಡೆಯವರ ಬಿಲ್ಲಿಂಗ್ ನಿಂತುಹೋಗುತ್ತಲ್ಲ?’ ಎಂದು ಮಾಲೀಕರು ಕೇಳಿದರು. ನಿಲ್ಲುತ್ತದೆ, ನಿಲ್ಲಲೇಬೇಕು.

ಇದು ಸಣ್ಣ ಅಂಗಡಿಗಳ ಕಷ್ಟ ಅಂದುಕೊಳ್ಳಬೇಡಿ. 2018ರ ಅಕ್ಟೋಬರ್ 21ರಂದು, ಸಾಫ್ಟ್‌ವೇರ್ ಕೋಡ್ ಇಡುವ ದೊಡ್ಡ ತಾಣ ಗಿಟ್‌ಹಬ್‌ನಲ್ಲಿ ನೆಟ್‌ವರ್ಕ್ ಕಡಿದಿದ್ದು 43 ಸೆಕೆಂಡ್. ಅಷ್ಟರಲ್ಲಿ ಡೇಟಾಬೇಸ್ ಅಮೆರಿಕದ ಪಶ್ಚಿಮ ತೀರಕ್ಕೆ ಹಾರಿತ್ತು, ಪೂರ್ವದಲ್ಲಿ ಬರೆದಿದ್ದ ಸ್ವಲ್ಪ ಡೇಟಾ ಅಲ್ಲಿಗೆ ತಲುಪಿರಲಿಲ್ಲ. ಸರಿಯಾಗಲು ಹಿಡಿದದ್ದು 24 ಗಂಟೆ 11 ನಿಮಿಷ.

ಹಾಗಾಗಿ ಡೆಮೋದಲ್ಲಿ ಪವರ್ ಕೇಬಲ್ ಕಿತ್ತರೆ ಸಾಲದು. ಪೂರ್ತಿ ಸತ್ತ ಸರ್ವರ್ ಸುಲಭದ ಕೇಸು. ನಡುವಿನ ಲಿಂಕ್ ಕಿತ್ತು, ಎರಡೂ ಕಡೆಯಿಂದ ಬಿಲ್ ಹಾಕಿಸಿ ನೋಡಿ. ಪೋಸ್ಟ್‌ಗ್ರೆಸ್ ಒಂದನ್ನೇ ಕೊಲ್ಲಿ, ಡಿಸ್ಕ್ ತುಂಬಿಸಿ, ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕ್ರ್ಯಾಶ್ ಮಾಡಿಸಿ.

ನೀವು ಈಗಾಗಲೇ ಹೀಗೆ ಸಿಕ್ಕಿಹಾಕಿಕೊಂಡಿದ್ದರೆ, ಮೊದಲು ಎರಡೂ ಕಡೆ ಬಿಲ್ಲಿಂಗ್ ನಿಲ್ಲಿಸಿ. ಬಿಸಾಡುವ ಕಡೆಯ ಪೂರ್ತಿ ಡಂಪ್ (ಡೇಟಾದ ಕಾಪಿ) ಬೇರೆ ಡಿಸ್ಕಿಗೆ ತೆಗೆದಿಟ್ಟುಕೊಂಡು ಆಮೇಲೆ ಡಿಆರ್‌ಬಿಡಿಗೆ ಕೈ ಹಾಕಿ. ತಪ್ಪು ಇ-ಇನ್ವಾಯ್ಸ್ ಹೋಗಿದ್ದರೆ ಪೋರ್ಟಲ್‌ನಲ್ಲಿ ರದ್ದು ಮಾಡಲು 24 ಗಂಟೆ ಮಾತ್ರ ಅವಕಾಶ. ಆಮೇಲೆ ಕ್ರೆಡಿಟ್ ನೋಟ್ ಹಾಕುತ್ತಾ ಕೂರಬೇಕು.