ಕೊಬ್ಬು ತೋರಿಸುವ ತೂಕದ ಮಷೀನು, ಎಂಟು ತಿಂಗಳು ಬಳಸಿದ ಮೇಲೆ

ಸ್ಕ್ಯಾನಿಂಗ್ ರಿಪೋರ್ಟ್‌ನಲ್ಲಿ ಗ್ರೇಡ್ 1 ಫ್ಯಾಟಿ ಲಿವರ್ (ಲಿವರ್‌ನಲ್ಲಿ ಕೊಬ್ಬು ಸೇರಿಕೊಳ್ಳುವುದು, ಅದರ ಮೊದಲ ಹಂತ) ಅಂತ ಬಂದ ವಾರವೇ ಇದನ್ನು ತಗೊಂಡೆ. ತೂಕದ ಮಟ್ಟಿಗೆ ತುಂಬಾ ಚೆನ್ನಾಗಿದೆ. ಮೂರು ಸಲ ಹತ್ತಿ ಇಳಿದರೂ ಅದೇ ಅಂಕಿ.

ತೊಂದರೆ ಇರುವುದು ಉಳಿದ ಅಂಕಿಗಳಲ್ಲಿ. ಒಂದು ದಿನ ಬೆಳಿಗ್ಗೆ ಎದ್ದ ಕೂಡಲೇ ಕೊಬ್ಬು ಶೇ 27.4 ಅಂತ ತೋರಿಸಿತು, ಅವತ್ತೇ ಸಂಜೆ 25.8. ಅಷ್ಟು ಕೊಬ್ಬು ಒಂದೇ ದಿನದಲ್ಲಿ ಕರಗೋಕೆ ಸಾಧ್ಯವೇ ಇಲ್ಲ, ಅಲ್ವಾ? ಒಂದು ಪಾದದಿಂದ ಇನ್ನೊಂದಕ್ಕೆ ನಮಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟ್ ಹರಿಸಿ, ಅದಕ್ಕೆ ಮೈ ಎಷ್ಟು ತಡೆ ಒಡ್ಡಿತು ಅಂತ ನೋಡಿ, ನಾವು ಕೊಟ್ಟ ವಯಸ್ಸು, ಎತ್ತರ ಸೇರಿಸಿ ಇದು ಲೆಕ್ಕ ಹಾಕುತ್ತದೆ, ಅಷ್ಟೇ. ಮೈಯಲ್ಲಿ ನೀರಿನ ಅಂಶ ಹೆಚ್ಚುಕಡಿಮೆ ಆದರೆ ಅಂಕಿಯೂ ಬದಲಾಗುತ್ತದೆ. ಕರೆಂಟ್ ಓಡುವುದು ಹೆಚ್ಚಾಗಿ ಕಾಲುಗಳಲ್ಲೇ. ಹಾಗಾಗಿ ‘ವಿಸೆರಲ್ ಫ್ಯಾಟ್’ (ಹೊಟ್ಟೆಯೊಳಗಿನ ಕೊಬ್ಬು) ಅಂತ ಬರುವ ಅಂಕಿ ಬರೀ ಅಂದಾಜು. ನಮಗೆ ಮುಖ್ಯವಾಗಿ ಬೇಕಿರುವುದು ಅದೇ! ಕರುಳಿನ ಸುತ್ತ ಕೂತ ಕೊಬ್ಬಿನಿಂದ ಹೊರಡುವ ರಕ್ತ ಸೀದಾ ಲಿವರ್‌ಗೇ ಹೋಗುತ್ತದೆ.

ಅದಕ್ಕೇ ಈಗ ಸೊಂಟ ಅಳೆಯುವ ಟೇಪನ್ನೇ ಜಾಸ್ತಿ ನಂಬುತ್ತೇನೆ. ಪಕ್ಕದಲ್ಲಿ ಒಂದು ಬೆರಳು ಕೊನೆಯ ಪಕ್ಕೆಲುಬಿನ ಮೇಲೆ, ಇನ್ನೊಂದು ಸೊಂಟದ ಮೂಳೆಯ ಮೇಲೆ ಇಟ್ಟು, ಸರಿಯಾಗಿ ಅವೆರಡರ ನಡುವೆ ಟೇಪು ಸುತ್ತಬೇಕು. ಸುಮ್ನೆ ಉಸಿರು ಬಿಟ್ಟು ಅಳೆಯಿರಿ, ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಪ್ಯಾಂಟ್ ಸೈಜ್ ಲೆಕ್ಕಕ್ಕಿಲ್ಲ, ಅದು ಹೊಟ್ಟೆಯ ಕೆಳಗೆ ಕೂರುತ್ತದೆ. ದಕ್ಷಿಣ ಏಷ್ಯಾದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಿದರೆ ಎಚ್ಚರ ವಹಿಸಬೇಕು. ನನ್ನ ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಅಂತ ಹೇಳುವ ಅಂಕಿ) 24.6 ಇತ್ತು, ನೋಡಿದವರೆಲ್ಲ ನೀನು ತೆಳ್ಳಗೇ ಇದ್ದೀಯ ಅಂತಿದ್ದರು. ಸೊಂಟ ಮಾತ್ರ 96!

ತೂಕ 71ರಿಂದ 67 ಕೆ.ಜಿ.ಗೆ ಬಂದಿದೆ. ಶೇ 5ರಷ್ಟು ಇಳಿದರೇ ಲಿವರ್ ಕೊಬ್ಬು ಕಡಿಮೆ ಆಗುತ್ತದೆ, ಲಿವರ್‌ನ ಉರಿಯೂತ ತಗ್ಗಲು ಶೇ 7ರಿಂದ 10 ಬೇಕು. ಆದರೆ ಇಳಿದದ್ದು ಕೊಬ್ಬೋ ಸ್ನಾಯುವೋ ಅನ್ನುವುದೇ ನನ್ನ ಚಿಂತೆ. ಅದಕ್ಕೆ ಈ ಮಷೀನನ್ನು ವಾರಕ್ಕೊಮ್ಮೆ ಮಾತ್ರ, ಬೆಳಿಗ್ಗೆ, ಮೂತ್ರಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನದೆ ಕುಡಿಯದೆ ಹತ್ತುತ್ತೇನೆ. ಹಾಗೆ ಮಾಡಿದರೆ ತಿಂಗಳುಗಟ್ಟಲೆ ಲೆಕ್ಕದಲ್ಲಿ ಸ್ನಾಯು ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ ಅಂತ ಸ್ವಲ್ಪ ಮಟ್ಟಿಗೆ ಗೊತ್ತಾಗುತ್ತದೆ. ಸೊಂಟ ಈಗ 91, ಅದೇ ನನಗೆ ನಿಜವಾದ ಸಮಾಧಾನ.

ಒಂದು ದೂರು ಇದೆ. ಪೇಸ್‌ಮೇಕರ್ (ಎದೆಬಡಿತ ಸರಿಯಾಗಿಡಲು ಮೈಯೊಳಗೆ ಕೂರಿಸುವ ಸಾಧನ) ಇರುವವರು ಇದನ್ನು ಬಳಸಬಾರದು ಅನ್ನೋದನ್ನು ಒಳಗಿನ ಪುಸ್ತಕದಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ. ಮನೆಯಲ್ಲಿ ಇದನ್ನು ಎಲ್ಲರೂ ಹತ್ತಿ ನೋಡುತ್ತಾರೆ. ಡಬ್ಬದ ಮೇಲೆ, ಎದ್ದು ಕಾಣುವ ಹಾಗೆ ಬರೆಯಬೇಕಿತ್ತು.