ಹಿತ್ತಲಲ್ಲೊಂದು ಹೊಳೆ ಮಾಡಿಸಿದೆವು: ಮೂರೂವರೆ ಸ್ಟಾರ್

ಐದು ಸ್ಟಾರ್ ಕೊಡಬೇಕು ಅಂತಲೇ ಇದ್ದೆ, ಪುನರ್ವಸು ಮಳೆ ಬರುವವರೆಗೆ.

ನಮ್ಮ ಮನೆ ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ, ಗಾಜನೂರಿಗಿಂತ ಸ್ವಲ್ಪ ಮುಂಚೆ ಸಿಗುತ್ತೆ. ಹಿಂದೆ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ. ಮಳೆಗಾಲದಲ್ಲಿ ಅದರ ಮೇಲಿನ ನೀರೆಲ್ಲ ಸೀದಾ ನಮ್ಮ ಹಿತ್ತಲಿಗೆ. ಸಿಮೆಂಟ್ ಚರಂಡಿ ಹಾಕಿಸೋಣ ಅಂತ ಇದ್ದವರಿಗೆ, ಹೇಗೂ ನೀರು ಹರಿಯುತ್ತಲ್ಲ, ಅದನ್ನೇ ಒಂದು ಪುಟ್ಟ ಹೊಳೆ ಥರ ಮಾಡಿಸಿದರೆ ಹೇಗೆ ಅನ್ನಿಸಿತು. ಊರಿನಲ್ಲೇ ಗಾರ್ಡನ್ ಡಿಸೈನ್ ಮಾಡಿಕೊಡುವ ಒಬ್ಬರನ್ನು ಕರೆಸಿದೆವು. ಹೆಸರು ಇಲ್ಲಿ ಬರೆಯಲ್ಲ, ಕಾರಣ ಮುಂದೆ ಇದೆ.

ಮೊದಲು ಒಳ್ಳೆಯದು ಹೇಳಿಬಿಡ್ತೀನಿ. ಮೊದಲ ದಿನ ಆ ಮನುಷ್ಯ ಒಂದು ಫೋಟೋನೂ ತೋರಿಸಲಿಲ್ಲ. "ಮೇಡಂ, ಭಾನುವಾರ ಮಂಡಗದ್ದೆ ಕಡೆ ಹೋಗಿ ಬರೋಣ" ಅಂದರು. ಮಾರ್ಚ್ ತಿಂಗಳು. ಅಲ್ಲಿನ ಪಕ್ಷಿಧಾಮದ ಹಕ್ಕಿಗಳೆಲ್ಲ ಗೂಡು ಬಿಟ್ಟು ಹೋಗಿದ್ದವು, ತುಂಗೆ ಇಳಿದು ಬಂಡೆಗಳೆಲ್ಲ ಮೇಲೆ ಕಾಣುತ್ತಿದ್ದವು. ಹೊಳೆ ತಿರುಗುವ ಕಡೆ ನಿಲ್ಲಿಸಿ ತೋರಿಸಿದರು: ತಿರುವಿನ ಹೊರಮೈಯಲ್ಲಿ ನೀರು ರಭಸದಿಂದ ಹೊಡೆದು ದಡ ಕೊರೀತದೆ, ಅಲ್ಲಿ ದೊಡ್ಡ ಕಲ್ಲು ಮಾತ್ರ ಉಳಿಯುತ್ತೆ. ಒಳಮೈಯಲ್ಲಿ ನೀರು ನಿಧಾನ, ಅಲ್ಲಿ ಮರಳು, ಸಣ್ಣ ಕಲ್ಲು ಬಂದು ಕೂರುತ್ತೆ. ನಾನು ಹುಟ್ಟಿದಾಗಿನಿಂದ ಇದೇ ಹೊಳೆ ನೋಡ್ತಿದೀನಿ, ಒಂದು ದಿನವೂ ಇದು ಕಣ್ಣಿಗೆ ಬಿದ್ದಿರಲಿಲ್ಲ.

ಹಿತ್ತಲಲ್ಲೂ ಹಾಗೇ ಮಾಡಿದರು. ಮೂವತ್ತು ಅಡಿ ಉದ್ದ, ಎರಡು ತಿರುವು, ಮೂರಡಿ ಅಗಲ, ಒಂದೂವರೆ ಅಡಿ ಆಳ, ಈ ತುದಿಯಿಂದ ಆ ತುದಿಗೆ ಸುಮಾರು ಎಂಟು ಇಂಚು ಇಳಿಜಾರು. ದೊಡ್ಡ ಕಲ್ಲುಗಳನ್ನು ಸುಮ್ನೆ ಮೇಲೆ ಇಡಲಿಲ್ಲ, ಮೂರನೇ ಒಂದು ಭಾಗ ಮಣ್ಣಲ್ಲಿ ಹೂತರು. ಇಲ್ಲದಿದ್ದರೆ ಮೊಟ್ಟೆ ಇಟ್ಟ ಹಾಗೆ ಕಾಣುತ್ತೆ ಅಂತ. ಕಲ್ಲು ಹೊಳೆಯಿಂದ ತರಲ್ಲ ಅಂತ ಮೊದಲೇ ಹೇಳಿದ್ದರು. ಯಾರದೋ ತೋಟದಲ್ಲಿ ಬಾವಿ ತೋಡಿದಾಗ ಬಂದ ಗುಂಡುಕಲ್ಲುಗಳು, ಜೊತೆಗೆ ನಮ್ಮ ಧರೆಯಲ್ಲೇ ಸಿಕ್ಕಿದ ಕಲ್ಲು, ಅಷ್ಟರಲ್ಲೇ ಮುಗಿಸಿದರು. ಚೀಲದಲ್ಲಿ ಬರುವ ಆ ಬಿಳಿ ಪಾಲಿಶ್ ಕಲ್ಲು ನನಗೆ ಆಸೆ ಇತ್ತು, "ಒಂದೇ ಮಳೆಗಾಲಕ್ಕೆ ಪಾಚಿ ಹಿಡಿದು ಹಸಿರಾಗುತ್ತೆ" ಅಂತ ಬೇಡ ಅಂದರು. ಒಳ್ಳೇದೇ ಆಯ್ತು.

ಮುಗಿದ ಮೇಲೆ ನಮ್ಮ ಅತ್ತೆ ಬಂದು ನೋಡಿ, "ಅಲ್ವೇ, ಇಷ್ಟ್ ದುಡ್ ಕೊಟ್ಟು ಚರಂಡಿ ತೋಡಿಸ್ಕಂಡ್ಯಲ್ಲೇ" ಅಂದರು.

ಮೃಗಶಿರ, ಆರಿದ್ರಾ ಎರಡೂ ಚೆನ್ನಾಗೇ ಹೋದವು. ನೀರು ಕಲ್ಲಿನ ಮಧ್ಯೆ ಹರಿಯುವ ಸದ್ದು ಕೇಳಲು ಕಾಫಿ ಹಿಡಿದು ಹಿಂದಿನ ಜಗಲಿಯಲ್ಲಿ ಕೂರುತ್ತಿದ್ದೆ. ಪುನರ್ವಸು ಹಿಡಿದ ಮೂರನೇ ರಾತ್ರಿ ಮೇಲಿನ ತಿರುವಿನ ಕಲ್ಲುಗಳು ಜಾರಿದವು, ನೀರು ದಾರಿ ತಪ್ಪಿ ಅಡುಗೆಮನೆ ಗೋಡೆಗೆ ಬಂತು. ಬೆಳಿಗ್ಗೆ ಹಾರೆ ಹಾಕಿ ಕಲ್ಲು ಎತ್ತಿ ನೋಡಿದರೆ ಅಡಿಯಲ್ಲಿ ಕಪ್ಪು ಪ್ಲಾಸ್ಟಿಕ್ ಶೀಟ್! ಎಸ್ಟಿಮೇಟಿನಲ್ಲಿ ಬರೆದಿದ್ದು ಜಿಯೋಟೆಕ್ಸ್‌ಟೈಲ್. ಅದು ಬಟ್ಟೆ ಥರ, ನೀರು ಕೆಳಗೆ ಇಳಿಯುತ್ತೆ, ಮಣ್ಣು ಮಾತ್ರ ನಿಲ್ಲುತ್ತೆ. ಪ್ಲಾಸ್ಟಿಕ್ಕಿನಲ್ಲಿ ನೀರು ಇಂಗೋದೇ ಇಲ್ಲ, ಕಲ್ಲಿಗೆ ಹಿಡಿತವೂ ಇಲ್ಲ, ಜಾರುಬಂಡೆ ಆಗುತ್ತೆ. ಕೆಳತುದಿಯಲ್ಲಿ ಇಂಗುಗುಂಡಿ ತೋಡ್ತೀವಿ ಅಂದಿದ್ದರು, ಅಲ್ಲಿ ಇದ್ದದ್ದು ಒಂದು ಬುಟ್ಟಿ ಜಲ್ಲಿ.

ಫೋನ್ ಮಾಡಿದೆ. ಹುಡುಗರು ಹಾಕಿಬಿಟ್ಟಿದಾರೆ, ನನಗೆ ಗೊತ್ತಿಲ್ಲ ಅಂದರು. ನಿಜವೇ ಇರಬಹುದು, ಆದರೆ ಅವರು ಮಣ್ಣು ಕೆಲಸದ ಎರಡು ದಿನ ಸೈಟಿಗೆ ಬಂದೇ ಇರಲಿಲ್ಲ. ಮಳೆ ಬಿಟ್ಟ ಮೇಲೆ ಬಂದು ಎಲ್ಲ ಬಿಚ್ಚಿ ಸರಿ ಮಾಡಿಕೊಟ್ಟರು, ದುಡ್ಡು ಕೇಳಲಿಲ್ಲ, ಗುಂಡಿಯನ್ನೂ ಗೋಡೆಯಿಂದ ಹದಿನೈದು ಅಡಿ ಆಚೆ ತೋಡಿಸಿದರು. ಅದಕ್ಕೇ ಮೂರೂವರೆ, ಇಲ್ಲದಿದ್ದರೆ ಒಂದು. ಎಸ್ಟಿಮೇಟ್ 85,000 ಇದ್ದದ್ದು 1,12,000 ಆಗಿತ್ತು, ಅದರ ಲೆಕ್ಕ ಇನ್ನೂ ಸರಿಯಾಗಿ ಬಂದಿಲ್ಲ.

ಗಿಡದ ವಿಷಯದಲ್ಲಿ ಅರ್ಧ ಸರಿ. ಬಜೆ, ಕೆಸು, ಜರೀಗಿಡ ತಾವಾಗೇ ಬೇರೂರಿವೆ. ಒಂದೆಲಗ ಅಂಚಿನ ಕಲ್ಲುಗಳ ಮಧ್ಯೆ ಎಷ್ಟು ಹಬ್ಬಿದೆ ಅಂದರೆ, ಚರಂಡಿ ಅಂದ ಅತ್ತೆಯೇ ಈಗ ದಿನಾ ಬೆಳಿಗ್ಗೆ ಸೆರಗಲ್ಲಿ ಕಿತ್ತು ತಂದು ತಂಬುಳಿ ಮಾಡ್ತಾರೆ. ಆದರೆ ಹೊಳೆಮತ್ತಿ ಸಸಿಯನ್ನು ಕಾಂಪೌಂಡಿನಿಂದ ಆರಡಿಗೆ ನೆಟ್ಟಿದ್ದಾರೆ. ಹೊಳೆ ದಂಡೆಯ ಆ ಮರ ಎಷ್ಟು ದೊಡ್ಡದಾಗುತ್ತೆ ಅಂತ ಮಲೆನಾಡಿನವರಿಗೆ ಹೇಳಬೇಕಾ? ಅಣ್ಣನ ತೋಟಕ್ಕೆ ಕಳಿಸಿದೆವು.

ಮಾಡಿಸೋರಿಗೆ ಇನ್ನೆರಡು ಮಾತು. ಎಲ್ಲೂ ನೀರು ನಾಲ್ಕೈದು ದಿನಕ್ಕಿಂತ ಹೆಚ್ಚು ನಿಲ್ಲದ ಹಾಗೆ ನೋಡಿಕೊಳ್ಳಿ, ಅಲ್ಲಿ ಸೊಳ್ಳೆ ಮರಿ ಆಗದಿರೋಕೆ ಅಷ್ಟೇ ಸಾಕು. ಇಂಬಳ (ಜಿಗಣೆ) ಬಂದೇ ಬರುತ್ತೆ, ಅದಕ್ಕೆ ಯಾರಿಗೂ ಸ್ಟಾರ್ ಕಡಿಮೆ ಮಾಡೋಕಾಗಲ್ಲ.

ನಂಬರ್ ಬೇಕಾದವರು ಕೇಳಿ, ಕಳಿಸ್ತೀನಿ. ಪ್ಲಾಸ್ಟಿಕ್ ಶೀಟಿನ ಫೋಟೋನೂ ಜೊತೆಗೇ ಬರುತ್ತೆ.