ರೋಡ್ ಬೈಕಿಗೆ ಯಾವ ಹೆಡ್‌ಲೈಟ್? ನನ್ನ ಓಟು ರಬ್ಬರ್ ಪಟ್ಟಿಗೆ

ಮೊದಲೇ ಹೇಳಿಬಿಡುತ್ತೇನೆ. ರೋಡ್ ಬೈಕಿಗೆ, ಅಂದರೆ ಬಾಗಿದ ಹ್ಯಾಂಡಲ್, ತೆಳು ಟಯರಿನ ಸೈಕಲ್ಲಿಗೆ, ಕಡಿಮೆ ದುಡ್ಡಿನಲ್ಲಿ ಹೆಡ್‌ಲೈಟ್ ಬೇಕು ಅಂದರೆ, ರಬ್ಬರ್ ಪಟ್ಟಿ ಎಳೆದು ಸಿಕ್ಕಿಸುವ, ಯುಎಸ್‌ಬಿ ಸಿ ಕೇಬಲ್ಲಿನಲ್ಲಿ ಚಾರ್ಜ್ ಆಗುವ, 400 ಲ್ಯೂಮೆನ್ (ಬೆಳಕಿನ ಅಳತೆ) ಆಸುಪಾಸಿನ ಲೈಟ್ ತಗೊಳ್ಳಿ. ನನ್ನದಕ್ಕೆ 1,400 ರೂಪಾಯಿ ಆಯಿತು. ಅದಕ್ಕೂ ಮೊದಲು ಸ್ಕ್ರೂ ಹಾಕಿ ಬಿಗಿಯುವ ಕ್ಲ್ಯಾಂಪಿನ ಲೈಟ್ ಬಳಸುತ್ತಿದ್ದೆ. ವೇಗ, ದೂರ ತೋರಿಸುವ ಸೈಕಲ್ ಕಂಪ್ಯೂಟರನ್ನು ಕೂರಿಸುವ ಮೌಂಟಿಗೆ ಕೆಳಗಿನಿಂದ ತೂಗುಹಾಕುವ ಲೈಟನ್ನು ಗೆಳೆಯನ ಹತ್ತಿರ ತಂದು ಒಂದಷ್ಟು ಕಾಲ ಓಡಿಸಿ ನೋಡಿದೆ. ಮೂರೂ ಒಂದೇ ಸೈಕಲ್ಲಿನ ಮೇಲೆ, ಒಂದೇ ರಸ್ತೆಗಳಲ್ಲಿ.

ಆ ರಸ್ತೆಗಳು ಎಂಥವು ಅಂತ ಹೇಳದೆ ಲೈಟಿನ ಮಾತು ಆಡುವುದು ಕಷ್ಟ. ನಾನಿರುವುದು ಮೈಸೂರಿನಲ್ಲಿ. ಬೆಳಗ್ಗೆ ಐದಕ್ಕೆ ಮುಂಚೆ ಹೊರಡುತ್ತೇನೆ, ಬೆಳಕಾದ ಮೇಲೆ ವಾಪಸ್ ಬರುತ್ತೇನೆ. ನಂಜನಗೂಡು ರಸ್ತೆ, ಬನ್ನೂರು ಕಡೆ, ಇಲ್ಲಾ ಶ್ರೀರಂಗಪಟ್ಟಣದ ಕಡೆ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಮೋಟಾರ್ ಬೈಕು, ಆಟೋ, ಟ್ರ್ಯಾಕ್ಟರ್, ಸೈಕಲ್ ಯಾವುದಕ್ಕೂ ಪ್ರವೇಶ ಇಲ್ಲ. ನಮಗೆ ಉಳಿದಿರುವುದು ಸರ್ವೀಸ್ ರಸ್ತೆ. ಅಲ್ಲಿ ಬೀದಿದೀಪ ಇಲ್ಲದ ಕಡೆಯೇ ಜಾಸ್ತಿ. ಬಣ್ಣ ಬಳಿಯದ ಹಂಪ್, ಅಂಚಿನಲ್ಲಿ ಮರಳು, ಎದುರಿನಿಂದ ರಾಂಗ್ ಸೈಡಿನಲ್ಲಿ ಬರುವ ಗಾಡಿ. ಸುಗ್ಗಿ ಕಾಲದಲ್ಲಿ ಹಳ್ಳಿ ರಸ್ತೆಗಳಲ್ಲಿ ಹುರುಳಿ, ರಾಗಿ ಹರಡಿರುತ್ತಾರೆ. ಗಾಡಿಗಳು ಓಡಿ ಕಾಳು ಬಿಡಿಸುತ್ತವೆ. ಫಸಲು ಎತ್ತಿಕೊಂಡು ಹೋದ ಮೇಲೂ ಸುತ್ತ ಇಟ್ಟ ಕಲ್ಲುಗಳು ಎಷ್ಟೋ ಸಲ ಅಲ್ಲೇ ಉಳಿದಿರುತ್ತವೆ. 25 ಮಿ.ಮೀ. ಟಯರಿಗೆ ಅಂಥ ಒಂದು ಕಲ್ಲು ಸಾಕು. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಕೆಂಪು ದೀಪ ಇರುತ್ತದೆ ಅಂತ ನಂಬುವ ಹಾಗಿಲ್ಲ.

ಹಾಗಾಗಿ ಬೇರೆಯವರಿಗೆ ನಾನು ಕಾಣಿಸಿದರೆ ಸಾಲದು, ನನಗೆ ರಸ್ತೆ ಕಾಣಬೇಕು. ಬಟನ್ ಸೆಲ್ ಹಾಕುವ ಪುಟ್ಟ ಮಿಣುಕು ದೀಪಗಳನ್ನು ಈ ಲೆಕ್ಕದಿಂದ ಪೂರ್ತಿ ಹೊರಗಿಟ್ಟಿದ್ದೇನೆ.

ಈಗ ಕ್ಲ್ಯಾಂಪಿನ ವಿಷಯ. ಆನ್‌ಲೈನಿನಲ್ಲಿ 900 ರೂಪಾಯಿಗೆ ಸಿಕ್ಕಿತು. ಅಲ್ಯೂಮಿನಿಯಂ ಮೈ, ಒಳಗೆ 18650 ಅನ್ನುವ, ಬದಲಿಸಬಹುದಾದ ಲಿಥಿಯಂ ಸೆಲ್. ಬೆಳಕು ನಿಜಕ್ಕೂ ಚೆನ್ನಾಗಿತ್ತು. 22ರಿಂದ 32 ಮಿ.ಮೀ. ದಪ್ಪದ ಹ್ಯಾಂಡಲ್ಲಿಗೆ ಕೂರುತ್ತದೆ ಅಂತ ಡಬ್ಬದ ಮೇಲೆ ಬರೆದಿತ್ತು. ನನ್ನ ಹ್ಯಾಂಡಲ್ 31.8 ಮಿ.ಮೀ. ಓದಿದರೆ ಸರಿಯಾಗಿಯೇ ಇದೆ ಅಲ್ವಾ?

ಆದರೆ ರೋಡ್ ಬೈಕಿನ ಹ್ಯಾಂಡಲ್ ಉದ್ದಕ್ಕೂ ಅಷ್ಟು ದಪ್ಪ ಇರುವುದಿಲ್ಲ. ಸ್ಟೆಮ್ (ಹ್ಯಾಂಡಲ್ಲನ್ನು ಸೈಕಲ್ಲಿಗೆ ಜೋಡಿಸುವ ತುಂಡು) ಹಿಡಿದಿರುವ ನಡುಭಾಗದಲ್ಲಿ ಮಾತ್ರ 31.8. ಅಲ್ಲಿಂದ ಎರಡೂ ಕಡೆ ಸಣ್ಣಗಾಗುತ್ತಾ ಹೋಗಿ, ಟೇಪ್ ಸುತ್ತಿದ ಜಾಗಕ್ಕೆ ಬರುವಾಗ 24 ಮಿ.ಮೀ. ಹತ್ತಿರ ಇಳಿಯುತ್ತದೆ. ಸಮನಾದ ದಪ್ಪ ಇರುವುದು ಸ್ಟೆಮ್ಮಿನ ಆಚೆ ಈಚೆ ಎರಡು ಬೆರಳಿನಷ್ಟು ಜಾಗದಲ್ಲಿ. ಅದರಲ್ಲಿ ಒಂದು ಪಕ್ಕ ಕಂಪ್ಯೂಟರ್ ಮೌಂಟ್ ಕೂತಿದೆ, ಇನ್ನೊಂದು ಪಕ್ಕ ಬೆಲ್. ಕ್ಲ್ಯಾಂಪಿಗೆ ಸಿಕ್ಕಿದ್ದು ಸಣ್ಣಗಾಗುವ ಜಾಗ. ಅಲ್ಲಿ ಕ್ಲ್ಯಾಂಪಿನ ಒಂದು ಅಂಚು ಮಾತ್ರ ಕಚ್ಚುತ್ತದೆ, ಇನ್ನೊಂದು ಅಂಚು ಗಾಳಿಯಲ್ಲಿರುತ್ತದೆ. ಎಷ್ಟು ಬಿಗಿದರೂ ಅಷ್ಟೇ. ಲೈಟಿನ ಭಾರ ಹ್ಯಾಂಡಲ್ಲಿನ ಮುಂದಕ್ಕೆ ಇರುವುದರಿಂದ ಪ್ರತಿ ಹಂಪಿಗೂ ಅದು ನಿದ್ದೆ ತೂಗುವವರ ತಲೆಯ ಹಾಗೆ ಮುಂದಕ್ಕೆ ಬಾಗುತ್ತಿತ್ತು.

ಇದು ಸಣ್ಣ ತೊಂದರೆ ಅಂತ ಕೇಳುವವರಿಗೆ ಅನ್ನಿಸಬಹುದು. ಕತ್ತಲಲ್ಲಿ ಹಾಗಲ್ಲ. ಹತ್ತು ಮೀಟರ್ ಮುಂದೆ ಬೀಳುತ್ತಿದ್ದ ಬೆಳಕು ಹಂಪ್ ದಾಟಿದ ಕೂಡಲೇ ಮುಂದಿನ ಚಕ್ರದ ಬುಡಕ್ಕೆ ಬರುತ್ತದೆ. ಹಂಪಿನ ಆಚೆ ಏನಿದೆ ಅಂತ ನೋಡಬೇಕಾದ ಹೊತ್ತಿಗೇ ಏನೂ ಕಾಣುವುದಿಲ್ಲ. ಲೈಟನ್ನು ಮೇಲಕ್ಕೆ ಎತ್ತಲು ಹ್ಯಾಂಡಲ್ಲಿನಿಂದ ಒಂದು ಕೈ ತೆಗೆಯಬೇಕು. ಚಾಮುಂಡಿ ಬೆಟ್ಟ ಇಳಿಯುವಾಗ ಎರಡೂ ಕೈ ಬ್ರೇಕಿನ ಮೇಲೆ ಇರಬೇಕು, ಆಗ ಲೈಟ್ ಬಾಗಿದರೆ ಇಡೀ ಸೈಕಲ್ ನಿಲ್ಲಿಸದೆ ಬೇರೆ ದಾರಿ ಇಲ್ಲ.

ಹಳೆ ಟ್ಯೂಬಿನ ತುಂಡು ಕತ್ತರಿಸಿ ಕ್ಲ್ಯಾಂಪಿನ ಅಡಿಗೆ ಸುತ್ತಿದೆ. ಮೊದಮೊದಲು ನಿಂತಿತು. ಆಮೇಲೆ ಟ್ಯೂಬಿನ ತುಂಡೇ ಸಣ್ಣ ಕಡೆಗೆ ಜಾರತೊಡಗಿತು. ಎರಡು ಸುತ್ತು ಸುತ್ತಿದರೆ ಸ್ಕ್ರೂ ಎಳೆಗೆ ಸಿಗುವುದಿಲ್ಲ. ಬೆಲ್ ಕಿತ್ತು ಬೇರೆ ಕಡೆ ಹಾಕಿ, ಲೈಟನ್ನು ದಪ್ಪ ಜಾಗಕ್ಕೇ ತಂದೆ. ಅಲ್ಲಿ 31.8 ಮಿ.ಮೀ. ಮೇಲೆ ಆ 32 ಮಿ.ಮೀ. ಕ್ಲ್ಯಾಂಪ್ ಮುಚ್ಚಿಕೊಳ್ಳಲು ಸ್ಕ್ರೂ ತುದಿಯ ಎರಡು ಎಳೆ ಮಾತ್ರ ಹಿಡಿಯುತ್ತಿತ್ತು. ಜೊತೆಗೆ ನನ್ನದು ಹಳೆ ಮಾದರಿಯ ಗೇರ್ ಲಿವರ್. ಗೇರ್ ಕೇಬಲ್ಲುಗಳು ಟೇಪಿನ ಒಳಗೆ ಹೋಗದೆ ಹ್ಯಾಂಡಲ್ಲಿನ ಮುಂದೆ ಬಳಸಿಕೊಂಡು ಬರುತ್ತವೆ. ಲೈಟ್ ಅವುಗಳ ಹಿಂದೆ ಕೂತಾಗ ರಸ್ತೆಯ ಮೇಲೆ ಎರಡು ದಪ್ಪ ನೆರಳಿನ ಗೆರೆ. ಗುಂಡಿಯೋ ನೆರಳೋ ಅಂತ ತಿಳಿಯದೆ ಬ್ರೇಕ್ ಹಿಡಿಯುವ ಹಾಗಾಯಿತು.

ಕೊನೆಗೆ ಕ್ಲ್ಯಾಂಪಿಗೂ ಲೈಟಿಗೂ ನಡುವಿನ ಪ್ಲಾಸ್ಟಿಕ್ ನಾಲಿಗೆ ಸವೆದು ಲೈಟ್ ಗಲಗಲ ಅನ್ನತೊಡಗಿತು. ದಿನಾ ಕಳಚಿ ಹಾಕುವ ವಸ್ತು ಅದು, ಸವೆಯುವುದು ಸಹಜ. ಬ್ರಾಕೆಟ್ ಮಾತ್ರ ಬೇಕು ಅಂದರೆ ಮಾರಿದವರ ಹತ್ತಿರ ಇರಲಿಲ್ಲ. ಲೈಟ್ ಇವತ್ತಿಗೂ ಉರಿಯುತ್ತದೆ, ಕರೆಂಟ್ ಹೋದಾಗ ಮನೆಯಲ್ಲಿ ಟಾರ್ಚ್ ಆಗಿದೆ.

ಎಲ್ಲ ಕ್ಲ್ಯಾಂಪುಗಳೂ ಹೀಗೆಯೇ ಅಂತ ಹೇಳುತ್ತಿಲ್ಲ. ಜಪಾನಿನ ಕ್ಯಾಟ್‌ಐ ಕಂಪನಿಯ ಫ್ಲೆಕ್ಸ್‌ಟೈಟ್ ಬ್ರಾಕೆಟ್ಟಿನಲ್ಲಿ ಬಾಗುವ ಪಟ್ಟಿ ಇದೆ. ಅದನ್ನು ಹ್ಯಾಂಡಲ್ಲಿಗೆ ಸುತ್ತಿ, ಚಕ್ರದಂಥ ತಿರುಪನ್ನು ಕೈಯಲ್ಲೇ ತಿರುಗಿಸಿ ಬಿಗಿಯಬಹುದು. ಸ್ಕ್ರೂಡ್ರೈವರ್ ಬೇಡ. ಒಳ್ಳೆ ಹಿಡಿತ. ಅದರ ಜೊತೆ ಬರುವ ಲೈಟುಗಳ ಬೆಲೆ ನನ್ನ ಮಿತಿ ದಾಟಿತು, ಅಷ್ಟೇ.

ಲ್ಯೂಮೆನ್ ಲೆಕ್ಕದ ಬಗ್ಗೆ ಒಂದು ಮಾತು. ಕ್ಲ್ಯಾಂಪ್ ಲೈಟಿನ ಡಬ್ಬದ ಮೇಲೆ 1,000 ಲ್ಯೂಮೆನ್, ಆರು ಗಂಟೆ ಅಂತ ಎರಡನ್ನೂ ಅಕ್ಕಪಕ್ಕ ಬರೆದಿದ್ದರು. ಸೆಲ್ 2600 ಎಂಎಎಚ್, ಅಂದರೆ 2.6 ಆಂಪಿಯರ್ ಅವರ್. 3.7 ವೋಲ್ಟಿನಿಂದ ಗುಣಿಸಿದರೆ ಸುಮಾರು 9.6 ವ್ಯಾಟ್ ಅವರ್. ಒಂದು ವ್ಯಾಟಿಗೆ ಎಲ್‌ಇಡಿ ನೂರರಿಂದ ನೂರೈವತ್ತು ಲ್ಯೂಮೆನ್ ಕೊಡುತ್ತದೆ ಅಂದುಕೊಳ್ಳಿ. ಸಾವಿರ ಲ್ಯೂಮೆನ್ನಿಗೆ ಏಳರಿಂದ ಹತ್ತು ವ್ಯಾಟ್ ಬೇಕು. ಅಂದರೆ ಒಂದು ಗಂಟೆ, ತೀರಾ ಎಳೆದರೆ ಒಂದೂವರೆಯ ಹತ್ತಿರ. ಆರು ಗಂಟೆ ಅನ್ನುವುದು ಅತಿ ಮಂದ ಬೆಳಕಿಗೆ. ಅಂಗಡಿಯಲ್ಲಿ ನಿಂತೇ ಈ ಲೆಕ್ಕ ಹಾಕಬಹುದು, ಯಾವ ಲೈಟಿಗಾದರೂ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುವವರಿಗೆ ನನ್ನ ಅನುಭವದಲ್ಲಿ 300ರಿಂದ 400 ನಿಜವಾದ ಲ್ಯೂಮೆನ್ ಧಾರಾಳ.

ಕಂಪ್ಯೂಟರ್ ಮೌಂಟಿನ ಕೆಳಗೆ ತೂಗುವ ಲೈಟ್ ನೋಡಲು ಬಹಳ ಚೆಂದ. ಹ್ಯಾಂಡಲ್ಲಿನಿಂದ ಮುಂದಕ್ಕೆ ಚಾಚುವ ತೋಳು, ಮೇಲೆ ಕಂಪ್ಯೂಟರ್, ಕೆಳಗೆ ಗೋಪ್ರೋ ಕ್ಯಾಮೆರಾ ಕೂರಿಸುವಂಥ ಹಲ್ಲುಗಳಿಗೆ ಸಿಕ್ಕಿಸಿದ ಲೈಟ್. ಕೇಬಲ್ಲುಗಳಿಗಿಂತ ಮುಂದೆ ಇರುವುದರಿಂದ ನೆರಳಿಲ್ಲ. ಹ್ಯಾಂಡಲ್ ದಪ್ಪದ ತಲೆನೋವೂ ಇಲ್ಲ. ನನಗೆ ಒಗ್ಗದಿರುವುದು ಎರಡು. ಗೆಳೆಯನ ಮೌಂಟ್ ಪ್ಲಾಸ್ಟಿಕ್ಕಿನದು. ಡಾಂಬರು ಕಿತ್ತ ಕಡೆ ತೋಳು ಅದುರುತ್ತದೆ, ಅದರ ಜೊತೆ ರಸ್ತೆಯ ಮೇಲಿನ ಬೆಳಕೂ ಅದುರುತ್ತದೆ. ಲೋಹದ ತೋಳು ಇದ್ದರೆ ಇಷ್ಟು ಅದುರಲಿಕ್ಕಿಲ್ಲ. ಇನ್ನೊಂದು, ಕಳಚಲು ಅಲೆನ್ ಕೀ ಬೇಕು. ಬೆಳಗಿನ ಸವಾರಿ ಮುಗಿಸಿ ನಜರ್‌ಬಾದಿನಲ್ಲಿ ದೋಸೆ ತಿನ್ನಲು ನಿಲ್ಲಿಸುವವನು ನಾನು. ಸೈಕಲ್ಲಿಗೆ ಬೀಗ ಹಾಕಬಹುದು, ಲೈಟಿಗೆ ಬೀಗ ಇಲ್ಲ. ಮೌಂಟು, ಅಡಾಪ್ಟರು, ಲೈಟು ಎಲ್ಲ ಸೇರಿ 3,500 ರೂಪಾಯಿ ದಾಟುತ್ತದೆ.

ಇದನ್ನೇ ಕೊಳ್ಳುವವರು ಒಂದು ವಿಷಯ ಗಮನಿಸಿ. ಎದುರು ಬರುವವರ ಕಣ್ಣಿಗೆ ಹೊಡೆಯದ ಹಾಗೆ ಮೇಲ್ಭಾಗ ಕತ್ತರಿಸಿದ ಬೆಳಕಿನ ಲೈಟುಗಳಿವೆ. ಜರ್ಮನಿಯ ರಸ್ತೆ ನಿಯಮ ಕೇಳುವುದು ಅಂಥದ್ದನ್ನೇ. ಹ್ಯಾಂಡಲ್ಲಿನ ಮೇಲೆ ಕೂರಲು ಮಾಡಿದ ಅಂಥ ಲೈಟನ್ನು ತಲೆಕೆಳಗಾಗಿ ತೂಗುಹಾಕಿದರೆ ಕತ್ತರಿಸಿದ ಭಾಗ ರಸ್ತೆಗೆ ಬರುತ್ತದೆ, ಬೆಳಕೆಲ್ಲ ಎದುರಿನವರ ಮುಖಕ್ಕೆ. ತೂಗುಹಾಕಲೆಂದೇ ಮಾಡಿದ್ದನ್ನು ತಗೊಳ್ಳಬೇಕು.

ಇನ್ನು ರಬ್ಬರ್ ಪಟ್ಟಿ. ಲೈಟಿನ ಅಡಿಯಲ್ಲಿ ಬಾಗಿದ ರಬ್ಬರ್ ಪೀಠ, ಅದರಿಂದ ಒಂದು ಪಟ್ಟಿ. ಹ್ಯಾಂಡಲ್ ಸುತ್ತ ಎಳೆದು ಕೊಕ್ಕೆಗೆ ತೂತು ಸಿಕ್ಕಿಸಿದರೆ ಕೆಲಸ ಆಯಿತು. ಒಂದೇ ಕೈ ಸಾಕು. ರಬ್ಬರ್ ಹಿಗ್ಗುವುದರಿಂದ ಹ್ಯಾಂಡಲ್ ಸಣ್ಣಗಾಗುವ ಜಾಗದಲ್ಲೂ ಪೂರ್ತಿ ಅಂಟಿಕೊಂಡು ಕೂರುತ್ತದೆ. ಬೆಲ್ ಅದರ ಜಾಗಕ್ಕೇ ವಾಪಸ್ ಬಂದಿದೆ. ಓರೆ ಜಾಗದಲ್ಲಿ ಕೂತಾಗ ಲೈಟಿನ ಮುಖ ಸ್ವಲ್ಪ ಪಕ್ಕಕ್ಕೆ ತಿರುಗುತ್ತದೆ ನಿಜ. ನನ್ನದರ ಪೀಠ ಎಡಕ್ಕೂ ಬಲಕ್ಕೂ ತಿರುಗುವಂಥದ್ದು, ಸರಿಮಾಡಿಕೊಳ್ಳಬಹುದು. ತಿರುಗದ ಪೀಠದ್ದನ್ನು ರೋಡ್ ಬೈಕಿಗೆ ತಗೊಳ್ಳಬೇಡಿ.

ಮುಖ್ಯ ವಿಷಯ, ಹಂಪಿಗೆ ಬಾಗುವುದಿಲ್ಲ. ಬೆವರು, ಧೂಳು ಕೂತಾಗ ಮಾತ್ರ ಸ್ವಲ್ಪ ಜಾರುತ್ತದೆ. ಒದ್ದೆ ಬಟ್ಟೆಯಲ್ಲಿ ಹ್ಯಾಂಡಲ್ಲನ್ನೂ ಪೀಠವನ್ನೂ ಒರೆಸಿದರೆ ಹಿಡಿತ ವಾಪಸ್ ಬರುತ್ತದೆ. ಕಾರ್ಬನ್ ಹ್ಯಾಂಡಲ್ ಇದ್ದವರಿಗೆ ಇನ್ನೂ ಒಳ್ಳೆಯದು, ಸ್ಕ್ರೂ ಬಿಗಿದು ಒತ್ತುವ ಭಯ ಇಲ್ಲ. ದೋಸೆಗೆ ಹೋಗುವಾಗ ಎಳೆದು ತೆಗೆದು ಜೆರ್ಸಿ ಜೇಬಿಗೆ. ಸಂಜೆ ಮಗಳು ಟ್ಯೂಷನ್ನಿಗೆ ಹೋಗುವಾಗ ಅದೇ ಲೈಟ್ ಅವಳ ಸೈಕಲ್ಲಿಗೆ. ಹ್ಯಾಂಡಲ್ ಬೇರೆ ದಪ್ಪ, ಪಟ್ಟಿಯ ಬೇರೆ ತೂತು, ಅಷ್ಟೇ ವ್ಯತ್ಯಾಸ.

ಕೊರತೆಗಳೂ ಇವೆ. ಬ್ಯಾಟರಿ ಒಳಗೇ ಸೇರಿಸಿದ್ದು, ಮುಗಿದ ಮೇಲೆ ಬದಲಿಸಲು ಆಗುವುದಿಲ್ಲ. ಈ ವಿಷಯದಲ್ಲಿ 18650 ಸೆಲ್ ಹಾಕುವ ಕ್ಲ್ಯಾಂಪ್ ಲೈಟೇ ಮೇಲು. ಬ್ಯಾಟರಿ 2000 ಎಂಎಎಚ್, ಪೂರ್ತಿ ಬೆಳಕಿನಲ್ಲಿ ಎರಡು ಗಂಟೆ ಬರುವುದಿಲ್ಲ. ಮೈಸೂರಿನಲ್ಲಿ ವರ್ಷವಿಡೀ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ ಆರರಿಂದ ಏಳರ ಒಳಗೆ. ನಾನು ನಡುವಿನ ಮಟ್ಟದಲ್ಲಿ ಉರಿಸುತ್ತೇನೆ, ಕತ್ತಲ ಹಾದಿ ಬಂದಾಗ ಮಾತ್ರ ಪೂರ್ತಿ. ಚಳಿಗಾಲದಲ್ಲೂ ಸಾಲುತ್ತದೆ. ಬಿಸಿಲಿಗೆ ಪಟ್ಟಿ ಒಣಗಿ ತೂತಿನ ಹತ್ತಿರ ಹರಿಯುವುದು ಈ ಜಾತಿಯ ಲೈಟುಗಳ ದೊಡ್ಡ ದೋಷ. ಸೈಕಲ್ ಬಿಸಿಲಲ್ಲಿ ನಿಲ್ಲಿಸುವಾಗ ಲೈಟ್ ತೆಗೆದಿಡಿ.

ಮಳೆಗೆ ಐಪಿಎಕ್ಸ್ 4 (ನೀರು ತಡೆಯುವ ಮಟ್ಟದ ಗುರುತು) ಅಂತ ಇದ್ದರೆ ಎಲ್ಲ ಕಡೆಯ ಎರಚಲು ತಡೆಯುತ್ತದೆ. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸರಿಯಾಗಿ ಒತ್ತಿರಬೇಕು. ಮಿಣುಕು ಮೋಡ್ ಹಗಲಿಗೆ ಸರಿ, ಕತ್ತಲಲ್ಲಿ ಬೇಡ. ಎದುರಿನವರಿಗೆ ನೀವು ಎಷ್ಟು ದೂರ ಇದ್ದೀರಿ ಅಂತ ಅಂದಾಜು ಸಿಗುವುದಿಲ್ಲ. ಹಳೆ ಸೈಕಲ್ಲುಗಳ ಬಾಟಲ್ ಡೈನಮೋ ನನಗೆ ಬಹಳ ಇಷ್ಟ, ಆದರೆ ರೋಡ್ ಬೈಕಿನ ತೆಳು ಟಯರಿನ ಪಕ್ಕ ಅದರ ಉಜ್ಜಾಟ ತಡೆಯುವುದಿಲ್ಲ.

ಯಾರಿಗೆ ಬೇರೆಯದು ಬೇಕು? ಬ್ರೆವೆ, ಅಂದರೆ ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, ಓಡಿಸುವವರಿಗೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಕೊಡುತ್ತಾರೆ, ಬೆಳಗ್ಗೆ ಬೇಗ ಬಿಟ್ಟರೆ ನನ್ನ ಲೈಟಿನಲ್ಲಿ ಮುಗಿಸಬಹುದು. 400 ಕಿ.ಮೀ.ಗೆ 27 ಗಂಟೆ, ರಾತ್ರಿ ತಪ್ಪುವುದಿಲ್ಲ. ಅದಕ್ಕೆ ಉರಿಯುತ್ತಲೇ ಪವರ್ ಬ್ಯಾಂಕಿನಿಂದ ಚಾರ್ಜ್ ಆಗುವ ದೊಡ್ಡ ಲೈಟನ್ನು ಮೌಂಟಿನ ಕೆಳಗೆ ಹಾಕುವುದು ಸರಿ. ಅಷ್ಟು ಖರ್ಚು ಬೇಡ ಅಂದರೆ ಪಟ್ಟಿ ಲೈಟ್ ಎರಡು ತಗೊಂಡು ಸ್ಟೆಮ್ಮಿನ ಆಚೆ ಈಚೆ ಹಾಕಿ. 2,800 ರೂಪಾಯಿ, ಒಂದು ಕೆಟ್ಟರೂ ಇನ್ನೊಂದು ಇರುತ್ತದೆ. ಮುಂದಿನ ಸಲ ನಾನು ಮಾಡುವುದು ಇದನ್ನೇ.

ಕೊಳ್ಳಲು ಹೋಗುವಾಗ ಸೈಕಲ್ ತಗೊಂಡೇ ಹೋಗಿ. ಕಂಪ್ಯೂಟರ್ ಮೌಂಟು, ಬೆಲ್ಲು ಎಲ್ಲ ಇದ್ದ ಹಾಗೇ ಇರಲಿ. ಲೈಟ್ ಸಿಕ್ಕಿಸಿ, ಮುಂದಿನ ಚಕ್ರ ಒಂದಡಿ ಎತ್ತಿ ಕೆಳಗೆ ಬಿಡಿ. ಲೈಟಿನ ಮುಖ ಇದ್ದಲ್ಲೇ ಇದ್ದರೆ ದುಡ್ಡು ಕೊಡಿ. ಜೊತೆಗೆ ಪಟ್ಟಿ ಬಿಡಿಯಾಗಿ ಸಿಗುತ್ತದಾ ಅಂತ ಕೇಳಿ, ಸಿಕ್ಕರೆ ಒಂದು ಜಾಸ್ತಿ ತಗೊಂಡು ಸೀಟಿನ ಕೆಳಗಿನ ಚೀಲದಲ್ಲಿ ಟ್ಯೂಬಿನ ಪಕ್ಕ ಇಟ್ಟುಬಿಡಿ.